ಕೋಸ್ಟ್ ಗಾರ್ಡ್ ರಕ್ಷಣಾ ಹೆಲಿಕಾಪ್ಟರ್ ಪೈಲಟ್ ಆಗುವುದು ಹೇಗೆ: ಹೆಣ್ಣುಮಕ್ಕಳಿಗೆ ಪಿಯುಸಿಯಿಂದ ಕಾಕ್‌ಪಿಟ್‌ವರೆಗಿನ ದಾರಿ

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕಾಪು ಸಮೀಪದ ಬಂಡೆಗಳ ನಡುವೆ ‘ಕೋರಮಂಡಲ್ ಸಪೋರ್ಟರ್ 9’ ಎಂಬ ಟಗ್ (ದೊಡ್ಡ ಹಡಗುಗಳನ್ನು ಎಳೆಯುವ ದೋಣಿ) ಸಿಕ್ಕಿಹಾಕಿಕೊಂಡಿತು. ಒಳಗೆ 9 ಮಂದಿ ಇದ್ದರು. ಐವರನ್ನು ಕೋಸ್ಟ್ ಗಾರ್ಡ್‌ನ ‘ವರಾಹ’ ಹಡಗಿನವರು ಪಾರುಮಾಡಿದರು, ಉಳಿದ ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರ್ ಮೇಲೆತ್ತಿಕೊಂಡಿತು. ಮರುವರ್ಷ ಜುಲೈಯಲ್ಲಿ ಕಾರವಾರಕ್ಕೆ ಡಾಂಬರು ತರುತ್ತಿದ್ದ ‘ಗ್ಲೋಬಲ್ ಕಿಂಗ್ 1’ ಹಡಗಿಗೆ ಪೋರಬಂದರಿನಿಂದ ಸುಮಾರು 93 ನಾಟಿಕಲ್ ಮೈಲಿ ಆಚೆ ನೀರು ನುಗ್ಗಿತು. ಅದರ 22 ಮಂದಿಯನ್ನು ಉಳಿಸಿದ ಕಾರ್ಯಾಚರಣೆಯಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ್ ಹೆಲಿಕಾಪ್ಟರ್‌ಗಳೇ ಮುಂದಿದ್ದವು. ಆ ಹೆಲಿಕಾಪ್ಟರ್ ತಯಾರಾಗುವುದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ.

ಈ ಯಂತ್ರದಲ್ಲಿ ಪೈಲಟ್ ಕೂರುವ ಬಲಗಡೆಯ ಸೀಟಿನಲ್ಲಿ ಕೂರಬೇಕೆಂದು ಕನಸು ಕಾಣುವ ಹುಡುಗಿಯರು ಕೇಳುವ ಮೊದಲ ಪ್ರಶ್ನೆ ‘ಯಾವ ಕೋಚಿಂಗ್ ಸೇರಲಿ?’ ಎಂಬುದು. ಅದಕ್ಕೂ ಮೊದಲು ನೋಡಬೇಕಾದದ್ದು ಬೇರೆ ಇದೆ. ಈ ದಾರಿಯಲ್ಲಿ ಕೆಲವನ್ನು ಆಮೇಲೆ ಸರಿಪಡಿಸಿಕೊಳ್ಳಬಹುದು, ಕೆಲವನ್ನು ಆಗುವುದೇ ಇಲ್ಲ. ಪಿಯುಸಿಯ ವಿಷಯಗಳು, ಕಾಲಿನ ಉದ್ದ, ಕಣ್ಣು, ಜೀವನದಲ್ಲಿ ಒಂದೇ ಸಲ ಬರೆಯಲು ಸಿಗುವ ಪೈಲಟ್ ಪರೀಕ್ಷೆ ಎರಡನೆಯ ಗುಂಪಿಗೆ ಸೇರಿದವು. ತಯಾರಿ ಅಲ್ಲಿಂದಲೇ ಶುರುವಾಗಬೇಕು.

ಮೊದಲು ಟೇಪು ಹಿಡಿಯಿರಿ

ಸೇನೆಯ ಕಾಕ್‌ಪಿಟ್‌ನಲ್ಲಿ ಸೀಟು, ಪೆಡಲ್, ಫಲಕಗಳ ನಡುವಿನ ಅಂತರಕ್ಕೆ ಒಂದು ಮಿತಿ ಇದೆ. ಆ ಮಿತಿಯೊಳಗೆ ದೇಹ ಹೊಂದಬೇಕು. ವಾಯುಪಡೆಯ ಪೈಲಟ್ ಮಾಪನಗಳನ್ನು ಆಧಾರವಾಗಿಟ್ಟುಕೊಳ್ಳಿ, ಏಕೆಂದರೆ ಮೊದಲ ಹಾರಾಟ ತರಬೇತಿ ನಡೆಯುವುದು ವಾಯುಪಡೆಯ ಅಕಾಡೆಮಿಯಲ್ಲೇ:

- ಎತ್ತರ: ಕನಿಷ್ಠ 162.5 ಸೆಂ.ಮೀ.
- ಕೂತಾಗಿನ ಎತ್ತರ: 81.5ರಿಂದ 96 ಸೆಂ.ಮೀ.
- ಕಾಲಿನ ಉದ್ದ: 99ರಿಂದ 120 ಸೆಂ.ಮೀ.
- ತೊಡೆಯ ಉದ್ದ: ಗರಿಷ್ಠ 64 ಸೆಂ.ಮೀ.

ಕೂತಾಗಿನ ಎತ್ತರ ಅಳೆಯಲು ಗಟ್ಟಿ ಸ್ಟೂಲಿನ ಮೇಲೆ ಬೆನ್ನು, ಸೊಂಟ, ತಲೆಯ ಹಿಂಭಾಗ ಮೂರೂ ಗೋಡೆಗೆ ತಾಗುವಂತೆ ಕೂರಿ. ಸ್ಟೂಲಿನ ಮೇಲ್ಮೈಯಿಂದ ನೆತ್ತಿಯವರೆಗೆ ಅಳೆಯಿರಿ. ಕಾಲಿನ ಉದ್ದಕ್ಕೆ ಹಾಗೆಯೇ ಕೂತು ಮಂಡಿ ನೇರಮಾಡಿ ಕಾಲನ್ನು ಮುಂದಕ್ಕೆ ಚಾಚಿ, ಗೋಡೆಯಿಂದ ಹಿಮ್ಮಡಿಯವರೆಗೆ ಅಳೆಯಬೇಕು. ಸೊಂಟ ಎರಡು ಸೆಂ.ಮೀ. ಮುಂದೆ ಜಾರಿದರೂ ಲೆಕ್ಕ ತಪ್ಪುತ್ತದೆ, ಆದ್ದರಿಂದ ಇನ್ನೊಬ್ಬರಿಂದ ಮೂರು ಸಲ ಅಳೆಸಿ. ಎತ್ತರ 165 ಇದ್ದೂ ಕಾಲು 98ಕ್ಕೆ ನಿಂತು ವೈದ್ಯಕೀಯದಲ್ಲಿ ಹೊರಬೀಳುವುದು ಅಪರೂಪವೇನಲ್ಲ. ಅದು ಎರಡು ವರ್ಷ ಓದಿದ ಮೇಲೆ ಗೊತ್ತಾಗುವುದಕ್ಕಿಂತ ಇಂದೇ ಗೊತ್ತಾಗಲಿ.

ಕಣ್ಣಿನ ವಿಷಯದಲ್ಲೂ ಇದೇ ಮಾತು. ಪದವಿಗೆ ಸೇರುವ ಮೊದಲು ನೇತ್ರತಜ್ಞರ ಬಳಿ ದೃಷ್ಟಿ, ವರ್ಣದೃಷ್ಟಿ ಎರಡನ್ನೂ ಪರೀಕ್ಷಿಸಿಕೊಳ್ಳಿ. ಕನ್ನಡಕವನ್ನು ಕಾಯಂ ಹಾಕುವವರಿಗೆ ಪೈಲಟ್ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ‘ಲೇಸರ್ ಮಾಡಿಸಿದರೆ ಆಯಿತು’ ಎಂದು ಅವಸರಪಡಬೇಡಿ. ಶಸ್ತ್ರಚಿಕಿತ್ಸೆಯ ಬಗೆ, ವಯಸ್ಸು, ಆದಮೇಲೆ ಕಳೆದಿರಬೇಕಾದ ಅವಧಿ ಎಲ್ಲಕ್ಕೂ ನಿಯಮವಿದೆ, ಒಂದು ಪಡೆಯ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ. ಅಧಿಸೂಚನೆಯ ವೈದ್ಯಕೀಯ ಭಾಗವನ್ನು ಓದಿದ ಮೇಲೆಯೇ ತೀರ್ಮಾನಿಸಿ.

ತೋಳ್ಬಲದ ಬಗ್ಗೆ ಹೆದರಿಕೆ ಬೇಡ. ಧ್ರುವ್‌ನ ನಿಯಂತ್ರಣಗಳಿಗೆ ಹೈಡ್ರಾಲಿಕ್ ನೆರವಿದೆ. ಸ್ಟಿಕ್ಕನ್ನು ಬಿಗಿಯಾಗಿ ಹಿಡಿಯುವ ಪೈಲಟ್, ಗಂಡಾಗಲಿ ಹೆಣ್ಣಾಗಲಿ, ಕೆಟ್ಟದಾಗಿ ಹಾರಿಸುತ್ತಾರೆ.

ಓದು

ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಎರಡೂ ಇರಲೇಬೇಕು. ಪಿಸಿಎಂಬಿ, ಪಿಸಿಎಂಸಿ, ಪಿಸಿಎಂಇ ಯಾವುದಾದರೂ ಸರಿ. ಕೋಸ್ಟ್ ಗಾರ್ಡ್ ಈ ಎರಡು ವಿಷಯಗಳಲ್ಲಿ ಸೇರಿ 55% ಕೇಳುತ್ತದೆ. ಪದವಿ ಯಾವುದಾದರೂ ಆಗಬಹುದು, ಆದರೆ ಬಿ.ಇ. ಮಾಡಿದರೆ ನೌಕಾಪಡೆಯ ಪೈಲಟ್ ಬಾಗಿಲೂ ತೆರೆದಿರುತ್ತದೆ. ಗುರಿಯನ್ನು 60%ರ ಮೇಲೆಯೇ ಇಟ್ಟುಕೊಳ್ಳಿ, ಬಹಳಷ್ಟು ಪ್ರವೇಶಗಳ ಗೆರೆ ಅದೇ.

ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್ ಅಥವಾ ನೇವಲ್ ವಿಂಗ್ ಇದ್ದರೆ ಸೇರಿ. ಮೊದಲ ಸೆಮಿಸ್ಟರ್‌ನಲ್ಲೇ ಈಜು ಕಲಿಯಿರಿ, ಇದನ್ನು ಮುಂದೂಡಬೇಡಿ. 50 ಮೀಟರ್ ನಿಲ್ಲದೆ ಈಜುವುದು, 10 ನಿಮಿಷ ಕೈಕಾಲು ಆಡಿಸುತ್ತ ತೇಲುವುದು, ಎತ್ತರದ ಹಲಗೆಯಿಂದ ನೀರಿಗೆ ಹಾರುವುದು ಮೂರೂ ಬರಬೇಕು. ಕರಾವಳಿಯವರಿಗೆ ಕಡಲಿನ ಪರಿಚಯ ಇರುತ್ತದೆ, ಆದರೂ ತರಬೇತುದಾರರಿರುವ ಕೊಳದಲ್ಲಿ ಉಸಿರಾಟದ ಕ್ರಮ ಸರಿಪಡಿಸಿಕೊಳ್ಳಿ. ಅಕಾಡೆಮಿಯಲ್ಲಿ ನೀರಿಗೆ ಹೆದರುವವರ ಸಂಜೆಗಳೆಲ್ಲ ಈಜಿಗೇ ಹೋಗಿಬಿಡುತ್ತವೆ.

ಯಾವ ಬಾಗಿಲು, ಯಾವಾಗ

ಕೋಸ್ಟ್ ಗಾರ್ಡ್ ಕೇಂದ್ರ ರಕ್ಷಣಾ ಸಚಿವಾಲಯದ ಅಡಿಯ ಪಡೆ. ಮಲ್ಪೆಯಲ್ಲಿ ಕಚೇರಿ ಇರುವ ಕರಾವಳಿ ಕಾವಲು ಪೊಲೀಸ್ ರಾಜ್ಯ ಸರ್ಕಾರದ್ದು. ಅಲ್ಲಿಗೆ ಅರ್ಜಿ ಹಾಕಿದರೆ ಹೆಲಿಕಾಪ್ಟರ್ ಸಿಗುವುದಿಲ್ಲ.

ಕೋಸ್ಟ್ ಗಾರ್ಡ್‌ನಲ್ಲಿ ಅಧಿಕಾರಿಯಾಗಿ ಸೇರುವ ಮೆಟ್ಟಿಲು ಅಸಿಸ್ಟೆಂಟ್ ಕಮಾಂಡೆಂಟ್. ಮೂಲ ವೇತನ 56,100 ರೂಪಾಯಿ. ಪೈಲಟ್‌ಗಳು ಜನರಲ್ ಡ್ಯೂಟಿ ಶಾಖೆಯಿಂದ ಬರುತ್ತಾರೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇರುವವರಿಗೆಂದು ಬೇರೆ ಪ್ರವೇಶವನ್ನೂ ಕೆಲವು ವರ್ಷ ಕರೆದಿದ್ದಾರೆ. ಹೆಣ್ಣುಮಕ್ಕಳು ಮುಖ್ಯವಾಗಿ ಗಮನಿಸಬೇಕಾದದ್ದು ಇದು: ಯಾವ ಶಾಖೆಗೆ ಮಹಿಳೆಯರೂ ಅರ್ಜಿ ಹಾಕಬಹುದು ಎಂಬುದು ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ. ಅಧಿಸೂಚನೆ ಕೈಗೆ ಸಿಕ್ಕ ತಕ್ಷಣ ಖಾಲಿ ಹುದ್ದೆಗಳ ಸಂಖ್ಯೆ ನೋಡುವ ಮೊದಲು ಶಾಖೆಯ ಎದುರಿನ ‘ಲಿಂಗ’ದ ಕಾಲಂ ನೋಡಿ.

ಈ ಅನಿಶ್ಚಿತತೆ ಇರುವುದರಿಂದ ಒಂದೇ ಬಾಗಿಲಿನ ಮುಂದೆ ಕಾಯುತ್ತ ಕೂರುವುದು ಸರಿಯಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಕಡಲ ಮೇಲಿನ ರಕ್ಷಣಾ ಹಾರಾಟವನ್ನು ನೌಕಾಪಡೆ, ವಾಯುಪಡೆಗಳೂ ಮಾಡುತ್ತವೆ. ನೌಕಾಪಡೆಯ ಶಾರ್ಟ್ ಸರ್ವೀಸ್ (ಅಲ್ಪಾವಧಿ ನೇಮಕ) ಪೈಲಟ್ ಪ್ರವೇಶ, ವಾಯುಪಡೆಯ ಎಎಫ್‌ಕ್ಯಾಟ್ ಪರೀಕ್ಷೆಯ ಮೂಲಕ ಸೇರುವ ಫ್ಲೈಯಿಂಗ್ ಶಾಖೆ ಎರಡರಲ್ಲೂ ಮಹಿಳೆಯರನ್ನು ತೆಗೆದುಕೊಳ್ಳುತ್ತಾರೆ. ಪಿಯುಸಿ ಮುಗಿಸುತ್ತಿರುವವರಿಗೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ ಕೂಡ ಇದೆ. 2024ರ ಜೂನ್‌ನಲ್ಲಿ ಅರಕ್ಕೋಣಂನ ಐಎನ್‌ಎಸ್ ರಾಜಾಳಿಯಲ್ಲಿ ಸಬ್ ಲೆಫ್ಟಿನೆಂಟ್ ಅನಾಮಿಕಾ ಬಿ. ರಾಜೀವ್ ನೌಕಾಪಡೆಯ ಮೊದಲ ಮಹಿಳಾ ಹೆಲಿಕಾಪ್ಟರ್ ಪೈಲಟ್ ಆಗಿ ರೆಕ್ಕೆಯ ಬ್ಯಾಡ್ಜ್ ಪಡೆದರು. ಅದಕ್ಕೂ ಮೊದಲು, 2019ರ ಮೇ ತಿಂಗಳಲ್ಲಿ, ವಾಯುಪಡೆಯ ಎಂಐ-17 ಹೆಲಿಕಾಪ್ಟರನ್ನು ಪೂರ್ತಿ ಮಹಿಳೆಯರದೇ ತಂಡ ಹಾರಿಸಿತ್ತು. ಆ ತಂಡದ ಫ್ಲೈಟ್ ಎಂಜಿನಿಯರ್ ಹೀನಾ ಜೈಸ್ವಾಲ್ ತರಬೇತಿ ಪಡೆದದ್ದು ಯಲಹಂಕದಲ್ಲಿ.

ಕಮರ್ಷಿಯಲ್ ಲೈಸೆನ್ಸ್‌ಗಾಗಿ ಮನೆ, ಜಮೀನು ಅಡವಿಡುವ ಮೊದಲು ಎರಡು ಸಲ ಯೋಚಿಸಿ. ಸೇನೆಯ ದಾರಿಗೆ ಅದು ಕಡ್ಡಾಯವಲ್ಲ. ವಿಮಾನದ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು, ಖರ್ಚು ಹತ್ತಾರು ಲಕ್ಷ. ಪಡೆಗೆ ಆಯ್ಕೆಯಾದರೆ ತರಬೇತಿಯ ವೆಚ್ಚ ಸರ್ಕಾರದ್ದೇ.

ಅರ್ಜಿ ಮತ್ತು ಪರೀಕ್ಷೆ

ಮೊದಲ ಹಂತ ಸಿಜಿಕ್ಯಾಟ್ ಎಂಬ ಕಂಪ್ಯೂಟರ್ ಪರೀಕ್ಷೆ. 2 ಗಂಟೆಯಲ್ಲಿ 100 ಪ್ರಶ್ನೆ, 400 ಅಂಕ. ಇಂಗ್ಲಿಷ್, ತಾರ್ಕಿಕ ಮತ್ತು ಸಂಖ್ಯಾ ಸಾಮರ್ಥ್ಯ, ವಿಜ್ಞಾನ-ಗಣಿತ, ಸಾಮಾನ್ಯ ಜ್ಞಾನ ತಲಾ 25 ಪ್ರಶ್ನೆ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಬಲ್ಲಿರಾದರೆ ಉಳಿದೆರಡರಲ್ಲಿ ಒಂದನ್ನು ಗುರುತಿಸುವುದು ಲಾಭವೇ. ಕನ್ನಡ ಮಾಧ್ಯಮದಿಂದ ಬಂದವರು ಗಣಿತಕ್ಕಿಂತ ಇಂಗ್ಲಿಷ್‌ಗೆ ಹೆಚ್ಚು ಸಮಯ ಕೊಡಿ. ಪರೀಕ್ಷೆಗಿಂತ ಹೆಚ್ಚಾಗಿ ಮುಂದಿನ ಸಂದರ್ಶನ, ಆಮೇಲೆ ರೇಡಿಯೋ ಸಂಭಾಷಣೆ ಎರಡಕ್ಕೂ ಅದು ಬೇಕು.

ಕರ್ನಾಟಕದ ಅಭ್ಯರ್ಥಿಗಳು ಎಡವುವ ಜಾಗ ಕಾಗದಪತ್ರ. ರಾಜ್ಯದ 2ಎ, 3ಬಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ನೋಡಿ, ಕೇಂದ್ರ ಸರ್ಕಾರದ ನಮೂನೆಯಲ್ಲೇ ಕೆನೆಪದರಕ್ಕೆ ಸೇರಿಲ್ಲವೆಂಬ ಒಬಿಸಿ ಪತ್ರವನ್ನು ತಹಶೀಲ್ದಾರರಿಂದ ಮಾಡಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಹೆಸರು ಇದ್ದರೆ ಅರ್ಜಿಗೆ ಮೊದಲೇ ಆಧಾರ್ ತಿದ್ದಿಸಿ. ಸಿಜಿಪಿಎಯನ್ನು ಶೇಕಡಾಕ್ಕೆ ಬದಲಾಯಿಸುವ ಸೂತ್ರದ ಪತ್ರವನ್ನೂ ವಿಶ್ವವಿದ್ಯಾಲಯದಿಂದ ತಂದಿಟ್ಟುಕೊಳ್ಳಿ.

ಎರಡನೆಯ ಹಂತದಲ್ಲಿ ಕಂಪ್ಯೂಟರ್ ಬುದ್ಧಿಮತ್ತೆ ಪರೀಕ್ಷೆ, ಚಿತ್ರ ನೋಡಿ ಚರ್ಚಿಸುವ ಪರೀಕ್ಷೆ. ಗುಂಪಿನಲ್ಲಿ ಗಟ್ಟಿ ದನಿಯವರು ಗೆಲ್ಲುತ್ತಾರೆಂಬುದು ತಪ್ಪು ತಿಳಿವಳಿಕೆ. ಮೂರು ಸಲ ಸ್ಪಷ್ಟವಾಗಿ ಮಾತಾಡಿ, ಒಬ್ಬರ ಮಾತನ್ನು ಮುಂದುವರಿಸಿದರೆ ಸಾಕು. ಅಂತಿಮ ಆಯ್ಕೆ ಮಂಡಳಿ ನೋಯ್ಡಾದಲ್ಲಿ ಮನಃಶಾಸ್ತ್ರ ಪರೀಕ್ಷೆ, ಮೈದಾನದ ಗುಂಪು ಕೆಲಸ, ಸಂದರ್ಶನ ನಡೆಸುತ್ತದೆ.

ಒಂದೇ ಸಲದ ಪರೀಕ್ಷೆ

ಪೈಲಟ್ ಆಯ್ಕೆಯಾಗಲು ಸಿಪಿಎಸ್‌ಎಸ್ ಎಂಬ ಯೋಗ್ಯತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಹಳಬರು ಇದನ್ನು ಪಿಎಬಿಟಿ ಎನ್ನುತ್ತಾರೆ. ಇದು ಜೀವನದಲ್ಲಿ ಒಂದೇ ಸಲ. ವಾಯುಪಡೆಯ ಮಂಡಳಿಯಲ್ಲಿ ಅನುತ್ತೀರ್ಣರಾದರೆ ನೌಕಾಪಡೆ, ಕೋಸ್ಟ್ ಗಾರ್ಡ್‌ಗಳ ಪೈಲಟ್ ದಾರಿಯೂ ಮುಚ್ಚಿದಂತೆ. ‘ಅನುಭವಕ್ಕೆ ಒಮ್ಮೆ ಹೋಗಿಬರೋಣ’ ಎಂದು ತಯಾರಿಯಿಲ್ಲದೆ ಹೋಗಬೇಡಿ.

ಮೊದಲ ಭಾಗದಲ್ಲಿ ಉಪಕರಣಗಳ ಚಿತ್ರ ತೋರಿಸಿ ವಿಮಾನ ಯಾವ ಸ್ಥಿತಿಯಲ್ಲಿದೆ ಎಂದು ಕೇಳುತ್ತಾರೆ. ದಿಕ್ಸೂಚಿ, ಎತ್ತರಮಾಪಕ, ವೇಗಮಾಪಕ, ಕೃತಕ ಕ್ಷಿತಿಜ, ತಿರುವು ಸೂಚಕ, ಏರಿಳಿತದ ವೇಗ ತೋರಿಸುವ ಮಾಪಕ, ಈ ಆರನ್ನು ನಿದ್ದೆಯಲ್ಲೂ ಓದಬಲ್ಲಂತೆ ಅಭ್ಯಾಸ ಮಾಡಿ. ಹೆಚ್ಚಿನವರು ತಪ್ಪುವುದು ಕೃತಕ ಕ್ಷಿತಿಜದಲ್ಲಿ. ಅಲ್ಲಿ ಓರೆಯಾಗುವುದು ಹಿಂದಿನ ಗೆರೆ, ವಿಮಾನದ ಗುರುತು ಸ್ಥಿರವಾಗಿರುತ್ತದೆ. ಎರಡನೆಯ ಭಾಗ ಯಂತ್ರದ ಮೇಲೆ. ಕೈಯಲ್ಲಿ ಸ್ಟಿಕ್, ಕಾಲಲ್ಲಿ ಪೆಡಲ್, ಪರದೆಯ ಚುಕ್ಕೆಯನ್ನು ಚೌಕದೊಳಗೆ ಹಿಡಿಯಬೇಕು, ಜತೆಗೆ ದೀಪ, ಶಬ್ದಗಳಿಗೂ ಸ್ಪಂದಿಸಬೇಕು. ಚುಕ್ಕೆಯನ್ನು ಅಟ್ಟಿಸಿಕೊಂಡು ಹೋಗಬೇಡಿ. ಸಣ್ಣ ಒತ್ತಡ ಕೊಟ್ಟು ಅರೆಕ್ಷಣ ಕಾದು ನೋಡಿ, ಆಮೇಲೆ ತಿದ್ದಿ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದವರ ಕೈ ಮಾರನೆಯ ದಿನ ಸ್ಥಿರವಾಗಿರುತ್ತದೆ.

ವೈದ್ಯಕೀಯಕ್ಕೆ ಮೂರು ತಿಂಗಳು ಮೊದಲೇ ಹಿಮೋಗ್ಲೋಬಿನ್, ಕಿವಿ, ಮೂಗಿನ ನಡುಗೋಡೆ, ಹಲ್ಲು, ತೂಕ ತಪಾಸಣೆ ಮಾಡಿಸಿಕೊಳ್ಳಿ. ನಮ್ಮ ಹುಡುಗಿಯರಲ್ಲಿ ರಕ್ತಹೀನತೆ ಸಾಮಾನ್ಯ. ವೈದ್ಯರ ಸಲಹೆಯಂತೆ ಕಬ್ಬಿಣಾಂಶ ತೆಗೆದುಕೊಂಡರೆ ಮೂರು ತಿಂಗಳಲ್ಲಿ ಸುಧಾರಿಸುತ್ತದೆ, ಮೂರು ದಿನದಲ್ಲಿ ಆಗುವುದಿಲ್ಲ.

ತರಬೇತಿ

ಮೊದಲು ಕೇರಳದ ಏಳಿಮಲ ನೌಕಾ ಅಕಾಡೆಮಿ. ನಂತರ ಹಡಗಿನ ಮೇಲಿನ ತರಬೇತಿ. ಹೆಲಿಕಾಪ್ಟರ್ ಹಾರಿಸಬೇಕಾದವರಿಗೆ ಹಡಗೇಕೆ ಎಂದು ಬೇಸರಿಸಬೇಡಿ. ಅಲೆಯಲ್ಲಿ ಹಡಗು ಹೇಗೆ ಹೊರಳುತ್ತದೆ, ಯಾವ ಡೆಕ್ಕಿನ ಮೇಲೆ ಕಂಬ, ತಂತಿ ಇರುತ್ತವೆ ಎಂಬುದು ಗೊತ್ತಿಲ್ಲದವರು ಅದರ ಮೇಲೆ ತೂಗಿ ನಿಲ್ಲಲಾರರು.

ಹಾರಾಟದ ಮೊದಲ ಪಾಠ ಹೈದರಾಬಾದ್ ಬಳಿಯ ದುಂಡಿಗಲ್‌ನಲ್ಲಿ, ಪಿಲಾಟಸ್ ವಿಮಾನದಲ್ಲಿ. ನೌಕಾಪಡೆಯ ಹೆಲಿಕಾಪ್ಟರ್ ಶಾಲೆ ಇರುವುದು ಐಎನ್‌ಎಸ್ ರಾಜಾಳಿಯಲ್ಲಿ. ಕೋಸ್ಟ್ ಗಾರ್ಡ್ ಪೈಲಟ್‌ಗಳೂ ಅಲ್ಲಿ ಕಲಿಯುತ್ತಾರೆ. 22 ವಾರಗಳ ಕೋರ್ಸು. ಅತಿ ಕಷ್ಟದ ಪಾಠ ಹೋವರ್, ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲುವುದು. ಎಡಗೈಯ ಕಲೆಕ್ಟಿವ್ (ಎತ್ತರ ನಿಯಂತ್ರಿಸುವ ಸನ್ನೆ) ಏರಿಸಿದರೆ ಮೂತಿ ಪಕ್ಕಕ್ಕೆ ತಿರುಗುತ್ತದೆ, ಅದನ್ನು ಪೆಡಲ್‌ನಿಂದ ತಡೆದರೆ ಯಂತ್ರ ಬದಿಗೆ ಸರಿಯುತ್ತದೆ, ಅದನ್ನು ಬಲಗೈಯ ಸ್ಟಿಕ್ ಆದ ಸೈಕ್ಲಿಕ್‌ನಿಂದ ತಿದ್ದಿದರೆ ಎತ್ತರ ಇಳಿಯುತ್ತದೆ. ಹೊಸಬರು ಮೂತಿಯ ಕೆಳಗಿನ ನೆಲ ನೋಡುತ್ತಾರೆ, ಅಲ್ಲಿನ ಪ್ರತಿ ಅಲುಗಾಟವೂ ದೊಡ್ಡದಾಗಿ ಕಂಡು ಕೈ ಅತಿಯಾಗಿ ಆಡುತ್ತದೆ. ದೃಷ್ಟಿ ದೂರದಲ್ಲಿರಲಿ, ಮುಂದೋಳು ತೊಡೆಯ ಮೇಲೆ ಒರಗಿರಲಿ, ಬೆರಳು ಮಾತ್ರ ಆಡಲಿ.

ಇನ್ನೊಂದು ತರಬೇತಿ ನೀರಿನೊಳಗಿನದು. ಹೆಲಿಕಾಪ್ಟರ್‌ನ ಎಂಜಿನ್, ಗೇರ್‌ಬಾಕ್ಸ್ ಮೇಲ್ಭಾಗದಲ್ಲಿರುವುದರಿಂದ ಕಡಲಿಗೆ ಬಿದ್ದರೆ ಅದು ಮಗುಚುತ್ತದೆ. ಅಣಕು ಕ್ಯಾಬಿನ್ನನ್ನು ಕೊಳದಲ್ಲಿ ಮುಳುಗಿಸಿ ತಲೆಕೆಳಗು ಮಾಡಿ ಹೊರಬರಲು ಕಲಿಸುತ್ತಾರೆ. ಕ್ರಮ ಹೀಗಿದೆ:

1. ಒಂದು ಕೈಯಿಂದ ಕಿಟಕಿಯ ಅಂಚನ್ನು ಹಿಡಿಯಿರಿ, ಕೊನೆಯವರೆಗೂ ಬಿಡಬೇಡಿ.
2. ನೀರು ಮುಖಕ್ಕೆ ಬರುವ ಮುನ್ನ ಉಸಿರು ಎಳೆದುಕೊಳ್ಳಿ.
3. ಅಲುಗಾಟ ಪೂರ್ತಿ ನಿಲ್ಲುವವರೆಗೆ ಕಾಯಿರಿ.
4. ಕಿಟಕಿ ತಳ್ಳಿ ತೆರೆಯಿರಿ.
5. ಆಮೇಲಷ್ಟೇ ಸೀಟು ಬೆಲ್ಟು ಬಿಚ್ಚಿ, ಹಿಡಿದ ಕೈಯ ದಿಕ್ಕಿನಲ್ಲೇ ಹೊರಬನ್ನಿ.

ಬೆಲ್ಟನ್ನು ಮೊದಲೇ ಬಿಚ್ಚಿದವರು ತೇಲಿ ದಿಕ್ಕು ತಪ್ಪುತ್ತಾರೆ, ಕಿಟಕಿ ತಳ್ಳಲು ಬೇಕಾದ ಆನಿಕೆಯೂ ಇರುವುದಿಲ್ಲ.

ಕರೆ ಬಂದಾಗ

ಮುಳುಗುತ್ತಿರುವ ಹಡಗಿನ 406 ಮೆಗಾಹರ್ಟ್ಸ್ ಬೀಕನ್, ಅಂದರೆ ಅಪಾಯ ಸೂಚಿಸುವ ರೇಡಿಯೋ ಸಾಧನ, ಕಳಿಸುವ ಸಂಕೇತ ಉಪಗ್ರಹವನ್ನು ತಲುಪುತ್ತದೆ. ಈ ಸಂಕೇತಗಳನ್ನು ಪಡೆಯುವ ಭಾರತದ ಮಿಷನ್ ಕಂಟ್ರೋಲ್ ಕೇಂದ್ರ ಇರುವುದು ಬೆಂಗಳೂರಿನ ಇಸ್ರೋದ ಉಪಗ್ರಹ ಸಂಪರ್ಕ ಕೇಂದ್ರ ಇಸ್ಟ್ರ್ಯಾಕ್‌ನಲ್ಲಿ. ಅಲ್ಲಿಂದ ಕೋಸ್ಟ್ ಗಾರ್ಡ್‌ನ ರಕ್ಷಣಾ ಸಮನ್ವಯ ಕೇಂದ್ರಕ್ಕೆ, ಅಲ್ಲಿಂದ ವಾಯುನೆಲೆಗೆ ಸುದ್ದಿ ಹೋಗುತ್ತದೆ. ಮೀನುಗಾರರ ಮನೆಯವರು 1554ಕ್ಕೆ ಮಾಡುವ ಕರೆಯೂ ಇದೇ ಜಾಲಕ್ಕೆ ಸೇರುತ್ತದೆ.

ಪೈಲಟ್ ಮಾಡುವ ಮೊದಲ ಕೆಲಸ ಲೆಕ್ಕ. ಉದಾಹರಣೆಗೆ: ದೂರ 60 ನಾಟಿಕಲ್ ಮೈಲಿ, ವೇಗ 120 ನಾಟ್ (ಗಂಟೆಗೆ 120 ನಾಟಿಕಲ್ ಮೈಲಿ), ಹೋಗುವಾಗ ಬೆನ್ನಿಗೆ 20 ನಾಟ್ ಗಾಳಿ. ಹೋಗಲು 26 ನಿಮಿಷ, ಅದೇ ಗಾಳಿ ಎದುರಾಗುವುದರಿಂದ ಬರಲು 36. ಇಂಧನ 150 ನಿಮಿಷಕ್ಕಿದ್ದು 30 ನಿಮಿಷದ್ದನ್ನು ಮೀಸಲಿಟ್ಟರೆ ಸ್ಥಳದಲ್ಲಿ ಸಿಗುವುದು 58 ನಿಮಿಷ. ಹೋವರ್‌ನಲ್ಲಿ ಇಂಧನ ಹೆಚ್ಚು ಉರಿಯುವುದರಿಂದ ಅದನ್ನೂ ಕಡಿತಗೊಳಿಸಬೇಕು. ಮರಳುವ ಗಳಿಗೆಯನ್ನು ಹೊರಡುವ ಮೊದಲೇ ಮಂಡಿಯ ಮೇಲಿನ ಪ್ಯಾಡಿನಲ್ಲಿ ಬರೆದಿಡಬೇಕು. ಕೆಳಗೆ ಕೈಬೀಸುವವರನ್ನು ಕಂಡಾಗ ಆ ಗಳಿಗೆಯನ್ನು ಹಿಗ್ಗಿಸುವ ಮನಸ್ಸಾಗುತ್ತದೆ, ಅದಕ್ಕೇ ಮೊದಲೇ ಬರೆಯುವುದು.

ಜಾಗ ಸರಿಯಾಗಿ ಗೊತ್ತಿದ್ದರೆ ಆ ಬಿಂದುವಿನ ಮೇಲೆಯೇ ಮತ್ತೆ ಮತ್ತೆ ಹಾಯುವಂತೆ ಪ್ರತಿ ಸಲ ಬಲಕ್ಕೆ 120 ಡಿಗ್ರಿ ತಿರುಗುತ್ತ ಹುಡುಕುತ್ತಾರೆ. ಅಂದಾಜು ಮಾತ್ರ ಇದ್ದರೆ ನಡುವಿನಿಂದ ಶುರುಮಾಡಿ ಚೌಕವನ್ನು ಹಿಗ್ಗಿಸುತ್ತ ಹೋಗುತ್ತಾರೆ. ಲೈಫ್ ರಾಫ್ಟ್ ಗಾಳಿಗೆ ಬೇಗ ಸರಿಯುತ್ತದೆ, ಜಾಕೆಟ್ ತೊಟ್ಟು ತೇಲುವ ಮನುಷ್ಯ ಹೆಚ್ಚಾಗಿ ನೀರಿನ ಸೆಳೆತದ ಜತೆ ಹೋಗುತ್ತಾನೆ. ಎರಡಕ್ಕೂ ಹುಡುಕುವ ಜಾಗ ಬೇರೆ.

ಮೇಲೆತ್ತುವಾಗ ಗಾಳಿಗೆ ಎದುರಾಗಿಯೇ ಸಮೀಪಿಸಬೇಕು. ಬೆನ್ನ ಗಾಳಿಯಲ್ಲಿ ನಿಧಾನವಾಗಿ, ಕಡಿದಾಗಿ ಇಳಿದರೆ ಹೆಲಿಕಾಪ್ಟರ್ ತನ್ನದೇ ರೋಟರ್ ತಳ್ಳಿದ ಗಾಳಿಯ ಸುಳಿಯಲ್ಲಿ ಕುಸಿಯುತ್ತದೆ, ಆಗ ಶಕ್ತಿ ಹೆಚ್ಚಿಸಿದಷ್ಟೂ ಇಳಿತ ಹೆಚ್ಚುತ್ತದೆ. ಕೊನೆಯ ಕೆಲವು ಮೀಟರ್‌ಗಳಲ್ಲಿ ಗುರಿ ಮೂತಿಯ ಕೆಳಗೆ ಮರೆಯಾಗುತ್ತದೆ. ಅಲ್ಲಿಂದ ಮುಂದೆ ಬಾಗಿಲಲ್ಲಿ ಮಲಗಿ ನೋಡುತ್ತ ಎತ್ತುವ ಕೇಬಲ್ ನಡೆಸುವ ವಿಂಚ್ ಆಪರೇಟರ್‌ನ ದನಿಯೇ ಪೈಲಟ್‌ನ ಕಣ್ಣು: ‘ಮುಂದೆ ಐದು, ನಾಲ್ಕು, ಮೂರು… ಸ್ಥಿರ.’ ಅವರ ಮಾತಿಗೆ ವಾದಿಸದೆ ಕೈ ಆಡಿಸುವುದನ್ನು ಕಲಿಯಬೇಕು.

ಕೇಬಲ್ ತುದಿಯ ಕೊಕ್ಕೆ ಕೆಳಗಿಳಿದಾಗ ಯಂತ್ರದಲ್ಲಿ ಸೇರಿಕೊಂಡ ಸ್ಥಿರವಿದ್ಯುತ್ ಅದರಲ್ಲೇ ಇರುತ್ತದೆ. ಅದು ಮೊದಲು ನೀರಿಗೋ ಡೆಕ್ಕಿಗೋ ತಾಗಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಕೊಕ್ಕೆಯನ್ನು ಹಡಗಿನ ಕಂಬಿಗೆ ಕಟ್ಟಬಾರದೆಂದು ರೇಡಿಯೋದಲ್ಲಿ ಮೊದಲೇ ಹೇಳಿ. ಗಾಬರಿಯಲ್ಲಿ ಡೆಕ್ಕಿನವರು ಕಟ್ಟಿಬಿಟ್ಟರೆ ಹೆಲಿಕಾಪ್ಟರ್ ಹಡಗಿಗೆ ಕಟ್ಟಿಹಾಕಿದಂತೆ, ಕೇಬಲ್ ಕತ್ತರಿಸುವುದೊಂದೇ ಉಳಿಯುತ್ತದೆ. ಬಹಳ ಹೊತ್ತು ನೀರಿನಲ್ಲಿದ್ದವರನ್ನು ನೆಟ್ಟಗೆ ಎತ್ತಿದರೆ ರಕ್ತದೊತ್ತಡ ಏಕಾಏಕಿ ಇಳಿಯುವ ಅಪಾಯವಿದೆ. ಎರಡು ಪಟ್ಟಿ ಹಾಕಿಯೋ ಬುಟ್ಟಿಯಲ್ಲೋ ಮಲಗಿದ ಭಂಗಿಗೆ ಹತ್ತಿರವಾಗಿ ಎತ್ತಬೇಕು.

ರಾತ್ರಿ ಕಡಲ ಮೇಲೆ ಹೋವರ್ ಮಾಡುವಾಗ ಕ್ಷಿತಿಜವೇ ಇರುವುದಿಲ್ಲ. ಅಲೆಗಳ ಓಟ ನೋಡಿ ಯಂತ್ರವೇ ಸರಿಯುತ್ತಿದೆಯೆಂದು ಮನಸ್ಸು ನಂಬುತ್ತದೆ. ಇಬ್ಬರು ಪೈಲಟ್‌ಗಳಲ್ಲಿ ಒಬ್ಬರ ಕಣ್ಣು ಉಪಕರಣಗಳ ಮೇಲೆಯೇ ಇರಬೇಕು, ರೇಡಿಯೋ ಎತ್ತರಮಾಪಕವನ್ನು ಗಟ್ಟಿಯಾಗಿ ಓದುತ್ತಿರಬೇಕು.

ಅಪಾಯವನ್ನು ಮುಚ್ಚಿಡುವುದು ಸರಿಯಲ್ಲ. 2024ರ ಸೆಪ್ಟೆಂಬರ್ 2ರಂದು ಪೋರಬಂದರಿನಾಚೆ ಟ್ಯಾಂಕರ್‌ನಿಂದ ಗಾಯಾಳುವನ್ನು ತರಲು ಹೋದ ಧ್ರುವ್ ಕಡಲಿಗೆ ಬಿದ್ದು ಮೂವರು ಸಿಬ್ಬಂದಿ ತೀರಿಕೊಂಡರು. 2025ರ ಜನವರಿ 5ರಂದು ಪೋರಬಂದರ್ ವಿಮಾನ ನಿಲ್ದಾಣದಲ್ಲೇ ಇನ್ನೊಂದು ಬಿದ್ದು ಮತ್ತೆ ಮೂವರು ಹೋದರು. ಆಮೇಲೆ ದೇಶದ ಧ್ರುವ್‌ಗಳನ್ನು ತಿಂಗಳುಗಟ್ಟಲೆ ನೆಲಕ್ಕಿಳಿಸಿ ತಪಾಸಣೆ ನಡೆಸಿದರು. ತನಿಖೆ ರೋಟರ್ ನಿಯಂತ್ರಿಸುವ ಸ್ವಾಶ್‌ಪ್ಲೇಟ್ ಬಿರುಕಿನತ್ತ ಬೊಟ್ಟುಮಾಡಿತು. ಮನೆಯವರೊಂದಿಗೆ ಈ ಮಾತನ್ನು ಅರ್ಜಿ ಹಾಕುವ ಮೊದಲೇ ಕೂತು ಆಡಿ.

ಎಷ್ಟು ವರ್ಷ

ಮಹಿಳೆಯರನ್ನು ಕೋಸ್ಟ್ ಗಾರ್ಡ್ ಶಾರ್ಟ್ ಸರ್ವೀಸ್ ನೇಮಕದಲ್ಲಿ ತೆಗೆದುಕೊಂಡಿದೆ: 8 ವರ್ಷ, ಅದು 10ಕ್ಕೆ, ಮತ್ತೆ 14ಕ್ಕೆ ವಿಸ್ತರಣೆ. ಈ ಮಿತಿಯನ್ನು ಪ್ರಶ್ನಿಸಿ ಕೋಸ್ಟ್ ಗಾರ್ಡ್‌ನ ಡಾರ್ನಿಯರ್ ವಿಮಾನದ ಪೈಲಟ್ ಪ್ರಿಯಾಂಕಾ ತ್ಯಾಗಿ ಕೋರ್ಟಿಗೆ ಹೋದರು. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಮಹಿಳೆಯರನ್ನು ಹೊರಗಿಡುವಂತಿಲ್ಲ, ನೀವು ಮಾಡದಿದ್ದರೆ ನಾವೇ ಮಾಡುತ್ತೇವೆ ಎಂದು ಸರ್ಕಾರಕ್ಕೆ ಹೇಳಿತು. ಏಪ್ರಿಲ್‌ನಲ್ಲಿ ಅವರನ್ನು ಸೇವೆಗೆ ಮರಳಿಸುವ ಮಧ್ಯಂತರ ಆದೇಶ ಬಂತು. ನಿಮ್ಮ ಬ್ಯಾಚಿನ ಅಧಿಸೂಚನೆಯಲ್ಲಿ ಕಾಯಂ ನೇಮಕವೋ ಅಲ್ಪಾವಧಿಯೋ ಎಂಬ ಸಾಲನ್ನು ಗುರುತು ಹಾಕಿ ಓದಿ, ಪಿಂಚಣಿಯ ಪ್ರಶ್ನೆ ಅದರ ಮೇಲೆಯೇ ನಿಂತಿದೆ.

ಗರ್ಭಿಣಿಯಾದಾಗ ವೈದ್ಯಕೀಯ ದರ್ಜೆ ತಾತ್ಕಾಲಿಕವಾಗಿ ಬದಲಾಗಿ ಹಾರಾಟ ನಿಲ್ಲುತ್ತದೆ, ಮರಳುವಾಗ ಮರುಪರೀಕ್ಷೆ, ಮರುಅಭ್ಯಾಸ ಇರುತ್ತದೆ. ಆ ಅವಧಿಯಲ್ಲಿ ಸಿಮ್ಯುಲೇಟರ್, ಕಾರ್ಯಾಚರಣೆ ಕೊಠಡಿಯ ಕೆಲಸ, ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಥಿಯರಿ ಪರೀಕ್ಷೆಗಳು ಇವನ್ನು ಮುಗಿಸಿಕೊಳ್ಳಬಹುದು. ಸೇನೆಯ ಹಾರಾಟದ ಗಂಟೆಗಳು ಮುಂದೆ ನಾಗರಿಕ ಲೈಸೆನ್ಸ್‌ಗೆ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಲಾಗ್‌ಬುಕ್‌ನಲ್ಲಿ ಹಗಲು, ರಾತ್ರಿ, ಉಪಕರಣಾಧಾರಿತ ಹಾರಾಟ, ಕ್ಯಾಪ್ಟನ್ ಆಗಿ ಹಾರಿಸಿದ ಗಂಟೆ ಇವನ್ನು ಬೇರೆಬೇರೆಯಾಗಿ ಬರೆದು, ತಿಂಗಳಿಗೊಮ್ಮೆ ಸ್ಕ್ವಾಡ್ರನ್‌ನಲ್ಲೇ ಸಹಿ ಮಾಡಿಸಿಕೊಳ್ಳಿ.